ಎಲೆಯ ಅಂಚು ಕೆಂಪಾಗುವ ಜೇಡ್ ಗಿಡ ಬೇಕು, ಯಾವ ತಳಿ ಕೊಳ್ಳಲಿ?

ಯಾವುದನ್ನೂ ಕೊಳ್ಳಬೇಡಿ. ಠಾಣೆಯ ನಿಮ್ಮ ಮನೆಯ ಜೇಡ್ ಬರೀ ಹಸಿರು, ಗೆಳತಿಯ ಮನೆಯದಕ್ಕೆ ಚಂದದ ಕೆಂಪು ಅಂಚು, ಹಾಗಾದರೆ ಅವರದ್ದು ಬೇರೆ ತಳಿಯೇ ಇರಬೇಕು ಅಂತ ನಿಮ್ಮ ಲೆಕ್ಕ. ನನ್ನದೂ ಇದೇ ಲೆಕ್ಕವಾಗಿತ್ತು. ಅದರಿಂದ ಒಂದು ಒಳ್ಳೆಯ ಗಿಡ ಕಳೆದುಕೊಂಡೆ.

ನಮ್ಮದು ಮುಂಬೈನ ಮುಲುಂಡ್‌ನಲ್ಲಿ ಎರಡನೇ ಮಹಡಿ. ಕುಂಡಗಳೆಲ್ಲ ಉತ್ತರದ ಕಿಟಕಿಯ ಗ್ರಿಲ್‌ನಲ್ಲಿ. ಈ ಮನೆಗೆ ಬಂದಾಗಿನಿಂದ ಒಂದು ಜೇಡ್ ಇತ್ತು. ಬುಡ ದಪ್ಪಗಾಗಿ ಪುಟ್ಟ ಮರದ ಹಾಗೆ ನಿಂತಿತ್ತು, ಎಲೆ ಮಾತ್ರ ಕಡು ಹಸಿರು. ಒಂದು ಚಳಿಗಾಲದಲ್ಲಿ ಪುಣೆಯ ಕೋಥ್ರೂಡ್‌ನಿಂದ ಅಕ್ಕ ತನ್ನ ತಾರಸಿಯ ಜೇಡ್ ಫೋಟೊ ಕಳಿಸಿದಳು. ಎಲೆ ಚಿಕ್ಕದು, ದಪ್ಪ, ತಿಳಿ ಹಸಿರು, ಸುತ್ತ ಕುಂಕುಮದ ಗೆರೆ. ನನ್ನದು ಕಳಪೆ ತಳಿ ಅಂತ ಆಗಲೇ ನಿರ್ಧಾರ ಮಾಡಿಬಿಟ್ಟೆ. ನರ್ಸರಿಗೆ ಹೋಗಿ 'ರೆಡ್ ಜೇಡ್' ಕೇಳಿದೆ. ಬಯಲಲ್ಲಿ ಬಿಸಿಲಿಗೆ ಇಟ್ಟಿದ್ದ ಕುಂಡ ತೋರಿಸಿದರು. ಮಾಮೂಲಿ ಜೇಡ್‌ಗಿಂತ ಬೆಲೆ ಜಾಸ್ತಿ. ಆದರೂ ಕೊಂಡು ತಂದೆ. ಗ್ರಿಲ್‌ನಲ್ಲಿ ಜಾಗ ಬೇಕಲ್ಲ, ಹಳೆಯ ಗಿಡವನ್ನು ಊರು ಬಿಟ್ಟು ಹೋಗುತ್ತಿದ್ದ ನೆರೆಮನೆಯವರಿಗೆ ಕೊಟ್ಟೆ.

ಹೊಸ ಗಿಡದ ಚಿಗುರೆಲ್ಲ ಹಸಿರಾಗಿಯೇ ಬಂತು. ಹಳೆಯ ಎಲೆಗಳ ಕೆಂಪೂ ನಿಧಾನವಾಗಿ ಇಳಿಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಕೊಂಬೆಗಳು ಸಣಕಲಾಗಿ ಬೆಳಕಿನ ಕಡೆ ಬಾಗಿದ್ದವು. ಅಕ್ಕನಿಗೆ ಫೋನ್ ಮಾಡಿ ನಿನ್ನದು ಯಾವ ತಳಿ, ಎಲ್ಲಿಂದ ತಂದೆ ಅಂತ ಕೇಳಿದೆ. "ನಿನ್ನ ಗಿಡದ ಕೊಂಬೆಯೇ ಕಣೇ ಇದು! ದೀಪಾವಳಿಗೆ ಬಂದಾಗ ನೀನೇ ಮುರಿದು ಕೊಟ್ಟಿದ್ದಲ್ಲ?" ಅಂದಳು.

ನಾನು ಬಣ್ಣ ನೋಡಿ ತಳಿ ಹೇಳಲು ಹೋಗಿದ್ದೆ. ತಪ್ಪಾದದ್ದು ಅಲ್ಲೇ. ಜೇಡ್‌ನ ಕೆಂಪು ಬಹುಪಾಲು ಬಿಸಿಲಿನದು, ಚಳಿಯದು. ಬಿಸಿಲು ಜೋರಾದಾಗ ಎಲೆ ಆಂಥೋಸಯಾನಿನ್ ಎಂಬ ಕೆಂಪು ಬಣ್ಣ ಮಾಡಿಕೊಳ್ಳುತ್ತದೆ, ಹೆಚ್ಚಾದ ಬೆಳಕನ್ನು ತಡೆಯಲು. ರಾತ್ರಿಯ ಚಳಿ ಸೇರಿದರೆ ಬಣ್ಣ ಇನ್ನೂ ಏರುತ್ತದೆ. ಪುಣೆಯ ಚಳಿ ಮುಂಬೈಗೆ ಎಲ್ಲಿಂದ ಬರಬೇಕು? ಅದೂ ಅಲ್ಲದೆ ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಉತ್ತರದ ಕಿಟಕಿಗೆ ಆಗ ನೇರ ಬಿಸಿಲೇ ಇಲ್ಲ. ಬಣ್ಣ ಏರಬೇಕಾದ ಹೊತ್ತಿಗೆ ಸರಿಯಾಗಿ ನನ್ನ ಗಿಡಗಳು ನೆರಳಲ್ಲಿದ್ದವು. ನೆರಳಲ್ಲಿ ಎಲೆ ಅಗಲವಾಗುತ್ತದೆ, ತೆಳುವಾಗುತ್ತದೆ, ಗೆಣ್ಣುಗಳ ನಡುವಿನ ಅಂತರ ಹೆಚ್ಚುತ್ತದೆ. ಒಂದೇ ಗಿಡದ ಎರಡು ಕೊಂಬೆ ಎರಡು ಜಾತಿಯ ಹಾಗೆ ಕಾಣುವುದು ಹೀಗೆ.

ಕೆಂಪು ಕಂಡ ಕೂಡಲೇ ಗಿಡ ಸುಖವಾಗಿದೆ ಅಂತಲೂ ತಿಳಿಯಬೇಡಿ. ನೀರಿಲ್ಲದೆ ಬಳಲಿದರೂ ಕೆಂಪಾಗುತ್ತದೆ. ಎಲೆ ಸುಕ್ಕುಗಟ್ಟಿ ಕೆಂಪಾಗಿದ್ದರೆ ಅದು ಬಾಯಾರಿಕೆ. ಬಣ್ಣಕ್ಕೋಸ್ಕರ ಗಿಡವನ್ನು ಒಣಗಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ತಳಿ ತಿಳಿಯಬೇಕಾದರೆ ಆಕಾರ ನೋಡಿ. ಎಲೆ ಕೊಳವೆಯಂತೆ ಸುತ್ತಿಕೊಂಡು ತುದಿ ಬಟ್ಟಲಿನಂತೆ ಗುಳಿಬಿದ್ದಿದ್ದರೆ ಗಾಲಮ್. ಪೂರ್ತಿ ಕೊಳವೆಯಾಗದೆ ಅಂಚು ಮಾತ್ರ ಹಿಂದಕ್ಕೆ ಮಡಚಿದ್ದರೆ ಹಾಬಿಟ್. ಎಲೆಯ ಮೇಲೆ ಬಿಳಿ, ಕೆನೆ ಬಣ್ಣದ ಪಟ್ಟೆ ಇದ್ದರೆ ಟ್ರೈಕಲರ್. ಈ ಪಟ್ಟೆ ಗಿಡದ ಹುಟ್ಟಿನಲ್ಲೇ ಇರುವುದು, ಮಾಮೂಲಿ ಜೇಡ್ ಅನ್ನು ಎಷ್ಟು ಬಿಸಿಲಿಗಿಟ್ಟರೂ ಬರುವುದಿಲ್ಲ. ಟ್ರೈಕಲರ್‌ನಲ್ಲಿ ಪೂರ್ತಿ ಹಸಿರು ಕೊಂಬೆ ಹೊರಟರೆ ಬುಡಕ್ಕೇ ಕತ್ತರಿಸಿ, ಅದು ಬೇಗ ಬೆಳೆದು ಉಳಿದದ್ದನ್ನು ಮೂಲೆಗೆ ತಳ್ಳುತ್ತದೆ. ಮೋಸ ಹೋಗುವುದು ಹಮ್ಮೆಲ್ಸ್ ಸನ್‌ಸೆಟ್ ವಿಷಯದಲ್ಲಿ. ಹಳದಿ ಎಲೆ, ಕೆಂಪು ಅಂಚು, ನಿಜವಾಗಿಯೂ ಬೇರೆ ತಳಿ. ಆದರೆ ನೆರಳಿಗೆ ತಂದರೆ ಅದೂ ಹಸಿರಾಗುತ್ತದೆ. ನಿಮ್ಮ ಕಿಟಕಿಗೆ ಬಿಸಿಲು ಬೀಳದಿದ್ದರೆ ಅದಕ್ಕೆ ದುಡ್ಡು ಹಾಕುವುದು ದಂಡ.

ಇನ್ನೊಂದು ಗೊಂದಲ. ನಮ್ಮ ಕಡೆ ನರ್ಸರಿಗಳಲ್ಲಿ ಸುಮ್ನೆ 'ಜೇಡ್' ಅಂದರೆ ಎಷ್ಟೋ ಸಲ ಕೊಡುವುದು ಪೋರ್ಚುಲಕೇರಿಯಾ ಆಫ್ರಾ. ಉಗುರಿನಷ್ಟು ಎಲೆ, ಕಂದುಗೆಂಪು ತೆಳು ಕಾಂಡ. ದಕ್ಷಿಣ ಆಫ್ರಿಕಾದಲ್ಲಿ ಆನೆಗಳು ತಿನ್ನುವ ಗಿಡ ಅದು. ಜೇಡ್ ಕೂಡ ಅದೇ ದೇಶದ್ದು, ಆದರೆ ಕುಟುಂಬವೇ ಬೇರೆ. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಈ ವ್ಯತ್ಯಾಸ ತಿಳಿದಿರಲೇಬೇಕು. ನಿಜವಾದ ಜೇಡ್ ಎಲೆ ಅವಕ್ಕೆ ವಿಷ.

ನೀವು ಕಳಿಸಿದ ನಿಮ್ಮ ಗಿಡದ ಫೋಟೊದಲ್ಲಿ ಇರುವುದು ಹೆಬ್ಬೆರಳಿನಷ್ಟು ಅಗಲದ ಮೊಟ್ಟೆಯಾಕಾರದ ಎಲೆ, ಬೂದು ಬಣ್ಣದ ದಪ್ಪ ಕಾಂಡ. ಅದು ಮಾಮೂಲಿ ಜೇಡ್, ಕ್ರಾಸುಲಾ ಓವಾಟಾ. ಗೆಳತಿಯದ್ದೂ ಅದೇ ಇರುವ ಸಾಧ್ಯತೆ ಹೆಚ್ಚು. ಪೂರ್ವದ ಕಿಟಕಿ ಇದ್ದರೆ ಅಲ್ಲಿಗೆ ಸರಿಸಿ, ಬೆಳಗಿನ ಮೂರು ನಾಲ್ಕು ಗಂಟೆ ಬಿಸಿಲು ಸಾಕು. ಪಶ್ಚಿಮದ ಗ್ರಿಲ್ ಆದರೆ ಒಮ್ಮೆಲೇ ಬೇಡ, ಅದರಲ್ಲೂ ಏಪ್ರಿಲ್, ಮೇನಲ್ಲಿ. ನೆರಳಿಗೆ ಒಗ್ಗಿದ ಎಲೆ ಸುಡುತ್ತದೆ, ಆ ಕಂದು ಕಲೆ ಮತ್ತೆ ಹೋಗುವುದಿಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪ ಬಿಸಿಲು ಹೆಚ್ಚಿಸುತ್ತಾ ಎರಡು ಮೂರು ವಾರ ತೆಗೆದುಕೊಳ್ಳಿ. ಉದ್ದವಾದ ಗೆಣ್ಣು ಮತ್ತೆ ಕುಗ್ಗುವುದಿಲ್ಲ, ಅದನ್ನು ಕತ್ತರಿಸಬೇಕು. ಕತ್ತರಿಸಿದ ಕೆಳಗೆ ಎರಡು ಕುಡಿ ಒಡೆಯುತ್ತವೆ. ಉತ್ತರದ ಕಿಟಕಿ ಬಿಟ್ಟು ಬೇರೆ ಇಲ್ಲವೇ? ಹಸಿರಾಗಿಯೇ ಇರಲಿ. ಗ್ರಿಲ್‌ನ ಹೊರ ಅಂಚಿಗೆ ಇಡಿ, ಮಳೆಯ ಎರಚಲು ಬಡಿಯುವಾಗ ಒಳಗೆ ತನ್ನಿ, ಮಣ್ಣು ಒಣಗದೆ ನೀರು ಹಾಕಬೇಡಿ.

ಇಷ್ಟಾದರೂ ಅನುಮಾನ ಉಳಿದರೆ ಗೆಳತಿಯ ಗಿಡದಿಂದ ಒಂದು ಕೊಂಬೆ ಕೇಳಿ ತನ್ನಿ. ಅಕ್ಟೋಬರ್‌ನಲ್ಲಿ, ಮಳೆ ನಿಂತ ಮೇಲೆ. ಕತ್ತರಿಸಿದ ಜಾಗ ಒಣಗಲು ನಾಲ್ಕೈದು ದಿನ ನೆರಳಲ್ಲಿಟ್ಟು, ಆಮೇಲೆ ಮರಳು ಬೆರೆಸಿದ ಮಣ್ಣಿಗೆ ನೆಡಿ. ನಿಮ್ಮ ಗಿಡದ ಒಂದು ಕೊಂಬೆಯನ್ನೂ ಅದೇ ಕುಂಡದಲ್ಲಿ ಪಕ್ಕಕ್ಕೆ ನೆಡಿ. ಆರು ತಿಂಗಳು ಕಳೆದ ಮೇಲೆ ಹೊಸ ಎಲೆಗಳನ್ನಷ್ಟೇ ಹೋಲಿಸಿ. ಆಗಲೂ ಆಕಾರ ಬೇರೆ ಬೇರೆ ಇದ್ದರೆ ತಳಿ ಬೇರೆ ಅಂತ ನಾನೂ ಒಪ್ಪುತ್ತೇನೆ.