'ಕ್ರೀಪ್' ಬಿಟ್ಟರೆ ರೇಡಿಯೋಹೆಡ್ ತಲೆಗೆ ಹತ್ತುತ್ತಿಲ್ಲ. ಯಾವ ಆಲ್ಬಂನಿಂದ ಶುರು ಮಾಡಲಿ?

ಇಂಗ್ಲೆಂಡಿನ ರಾಕ್ ತಂಡ ರೇಡಿಯೋಹೆಡ್‌ನ 'ಕ್ರೀಪ್' ಹಾಡು ಹಿಡಿಸಿತು ಅಂತ ನೇರ ಅವರ 'ಕಿಡ್ ಎ' ಆಲ್ಬಂಗೆ ಹೋಗಿ ಎರಡೇ ಹಾಡಿಗೆ ಕೈಬಿಟ್ಟೆ ಅಂದಿದ್ದೀರಿ. ಬಹಳ ಜನಕ್ಕೆ ಆಗುವುದೇ ಹೀಗೆ. 'ಕ್ರೀಪ್' ಇರುವ 1993ರ 'ಪ್ಯಾಬ್ಲೋ ಹನಿ'ಗೂ 2000ದ 'ಕಿಡ್ ಎ'ಗೂ ನಡುವೆ ಏಳು ವರ್ಷ, ಎರಡು ಆಲ್ಬಂ ಇವೆ. ಅಷ್ಟರಲ್ಲಿ ಇವರು ಗಿಟಾರನ್ನು ಹೆಚ್ಚುಕಮ್ಮಿ ಮೂಲೆಗಿಟ್ಟಿದ್ದರು.

ಬಿಡುಗಡೆಯಾದ ಕ್ರಮದಲ್ಲೇ ಕೇಳಿ ಅನ್ನುವವರ ಮಾತು ಬೇಡ. 'ಪ್ಯಾಬ್ಲೋ ಹನಿ'ಯಲ್ಲೇ ಬೇಜಾರಾಗಿ ನಿಂತುಬಿಡುತ್ತೀರಿ. ನನ್ನ ಆಯ್ಕೆ 2007ರ 'ಇನ್ ರೇನ್‌ಬೋಸ್'. ಹತ್ತೇ ಹಾಡು, 43 ನಿಮಿಷದೊಳಗೆ ಮುಗಿಯುತ್ತದೆ. ಮೊದಲ ಹಾಡು '15 ಸ್ಟೆಪ್' ಐದರ ಲೆಕ್ಕದ್ದು. ಪಾಶ್ಚಾತ್ಯ ರಾಕ್‌ನ ನಾಲ್ಕಕ್ಕೆ ಒಗ್ಗಿದ ಕಿವಿ ಇಲ್ಲಿ ಎಡವುತ್ತದೆ. ನಮ್ಮವರಿಗೆ ಅಷ್ಟು ಕಷ್ಟವಿಲ್ಲ, 'ತಕ ತಕಿಟ' ಅಂತ ಐದೈದು ಎಣಿಸುತ್ತಾ ಹೋದರೆ ಕೂತುಕೊಳ್ಳುತ್ತದೆ. ಆಮೇಲೆ 'ವಿಯರ್ಡ್ ಫಿಶಸ್'. ಡ್ರಮ್ಸ್ ಅಲುಗಾಡದೆ ಓಡುತ್ತಿರುತ್ತದೆ, ಅದರ ಮೇಲೆ ಬಿಡಿಬಿಡಿ ಸ್ವರಗಳ ಗಿಟಾರ್‌ಗಳು ಒಂದರ ಮೇಲೊಂದು ಸೇರಿಕೊಳ್ಳುತ್ತವೆ. ಹೆಡ್‌ಫೋನ್ ಇಲ್ಲದಿದ್ದರೆ ಇವು ಕಲಸಿಹೋಗಿ ಒಂದೇ ಗಿಟಾರ್ ಅನ್ನಿಸುತ್ತದೆ. ಈ ಆಲ್ಬಂ ಅನ್ನು ಮೊದಲು 'ನಿಮಗೆ ತೋಚಿದಷ್ಟು ಕೊಡಿ' ಅಂತ ತಮ್ಮ ಜಾಲತಾಣದಲ್ಲೇ ಮಾರಿದ್ದರು. ಆ ಎಂಪಿ3ಗಳು 160 ಕೆಬಿಪಿಎಸ್‌ನವು, ಅಂದರೆ ಸದ್ದಿನ ವಿವರ ಕಡಿಮೆ. ಇದೇ ಆಲ್ಬಂನ 'ರೆಕನರ್' ಹಾಡಿನ ಸಿಂಬಲ್‌ಗಳಿಗೆ (ಡ್ರಮ್ಸ್‌ನ ಲೋಹದ ತಟ್ಟೆಗಳಿಗೆ) ಅದು ಸಾಲದು. ಯಾರಾದರೂ ಹಳೇ ಫೋಲ್ಡರ್ ಕೊಟ್ಟರೆ ಬೇಡ ಅನ್ನಿ.

ಎರಡನೆಯದು 1997ರ 'ಓಕೆ ಕಂಪ್ಯೂಟರ್'. ಆ್ಯಪ್‌ನಲ್ಲಿ ಹುಡುಕಿದರೆ 23 ಹಾಡುಗಳ 2017ರ ಆವೃತ್ತಿಯೂ ಕಾಣುತ್ತದೆ, ಸದ್ಯಕ್ಕೆ ಅದು ಬೇಡ. ಮೂಲದ 12 ಸಾಕು. ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸುವ ಸೆಟ್ಟಿಂಗ್) ಸೊನ್ನೆಗಿಡಿ, ಶಫಲ್ ತೆಗೆಯಿರಿ: 'ಏರ್‌ಬ್ಯಾಗ್' ಮುಗಿಯುವಾಗ ಬರುವ ಬೀಪ್‌ಗಳೇ 'ಪ್ಯಾರನಾಯ್ಡ್ ಆ್ಯಂಡ್ರಾಯ್ಡ್'ಗೆ ಬಾಗಿಲು. ನನಗೆ ಇಡೀ ಆಲ್ಬಂನ ಶಿಖರ ಮಾತ್ರ ಆ ಹಾಡಲ್ಲ, 'ಲೆಟ್ ಡೌನ್'. ಶುರುವಿನಲ್ಲಿ ಗಿಟಾರ್ ಐದರಲ್ಲಿ, ಡ್ರಮ್ಸ್ ನಾಲ್ಕರಲ್ಲಿ. ಎರಡೂ ದೂರವಾಗಿ ಮತ್ತೆ ಸಮಕ್ಕೆ ಬಂದು ಕೂಡುತ್ತವೆ. 'ಎಲೆಕ್ಷನಿಯರಿಂಗ್' ಹಾರಿಸಿದರೆ ನಷ್ಟವೇನಿಲ್ಲ. (ಅಭಿಮಾನಿಗಳು ಬೈಯಲಿ.)

ಈಗ 'ಕಿಡ್ ಎ'. ಫೋನಿನ ಸ್ಪೀಕರ್‌ನಲ್ಲಿ ಕೇಳಿದ್ದರೆ ನೀವು ಅದನ್ನು ಕೇಳಿಯೇ ಇಲ್ಲ. 'ದಿ ನ್ಯಾಷನಲ್ ಆ್ಯಂಥಮ್' ಪೂರ್ತಿ ನಿಂತಿರುವುದು ತಂಡದ ಗಾಯಕ ಥಾಮ್ ಯಾರ್ಕ್ ನುಡಿಸಿದ ಒಂದು ಬೇಸ್ ಗಿಟಾರ್ ಸಾಲಿನ ಮೇಲೆ. ಪುಟ್ಟ ಸ್ಪೀಕರ್‌ಗೆ ಅಷ್ಟು ತಗ್ಗಿನ ಸ್ವರ ಹೊರಡಿಸುವ ತಾಕತ್ತಿಲ್ಲ. ಬುನಾದಿ ಹೋಗಿ ತುತ್ತೂರಿಗಳ ಗದ್ದಲವಷ್ಟೇ ಉಳಿಯುತ್ತದೆ. ಮೊದಲ ಸಲ ನಾಲ್ಕನೇ ಹಾಡಿನಿಂದ ಶುರು ಮಾಡಿ, 'ಹೌ ಟು ಡಿಸಪಿಯರ್ ಕಂಪ್ಲೀಟ್ಲಿ'. ಅಕೌಸ್ಟಿಕ್ ಗಿಟಾರ್, ದನಿ, ನಿಧಾನವಾಗಿ ಏರುವ ತಂತಿವಾದ್ಯಗಳು. 'ಕ್ರೀಪ್' ಇಷ್ಟಪಟ್ಟವರಿಗೆ ಇದು ಪರಕೀಯವಲ್ಲ. ಅದರ ನಂತರದ 'ಟ್ರೀಫಿಂಗರ್ಸ್'ನಲ್ಲಿ ಹಾಡುವ ದನಿಯೂ ಇಲ್ಲ, ತಾಳವೂ ಇಲ್ಲ. ಗಾಬರಿಯಾಗಬೇಡಿ, ಅದು ಇರುವುದೇ ಹಾಗೆ. 'ಇಡಿಯೊಟೆಕ್'ನಲ್ಲಿ ಸುತ್ತಿ ಸುತ್ತಿ ಬರುವ ನಾಲ್ಕು ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ಅಮೆರಿಕದ ಸಂಗೀತ ಸಂಯೋಜಕ ಪಾಲ್ ಲ್ಯಾನ್ಸ್ಕಿ 1973ರಲ್ಲಿ ಕಂಪ್ಯೂಟರ್‌ನಲ್ಲಿ ಮಾಡಿದ ಕೃತಿಯಿಂದ ಎತ್ತಿಕೊಂಡವು. ಆ ನಾಲ್ಕನ್ನು ಗುರುತು ಹಿಡಿದ ಮೇಲೆ ಆಲ್ಬಂನ ಮೊದಲ ಹಾಡಿಗೆ ವಾಪಸ್ ಹೋಗಿ, ಹತ್ತರವರೆಗೆ ಎಣಿಸಿ. ಅದರ ಲೆಕ್ಕ ಹತ್ತರದ್ದು.

ಇಷ್ಟೆಲ್ಲ ಬೇಡ, 'ಕ್ರೀಪ್'ನ ಗಿಟಾರೇ ಬೇಕು ಅನ್ನುವುದಾದರೆ 1995ರ 'ದಿ ಬೆಂಡ್ಸ್' ಸಾಕು. 'ಸ್ಟ್ರೀಟ್ ಸ್ಪಿರಿಟ್' ಕೊನೆಯ ಹಾಡು, ಅಲ್ಲಿವರೆಗೂ ತಾಳಿಕೊಳ್ಳಿ. 2003ರ 'ಹೇಲ್ ಟು ದಿ ಥೀಫ್'ನಲ್ಲಿ 14 ಹಾಡುಗಳಿವೆ, ನಾಲ್ಕು ಕಡಿಮೆಯಿದ್ದರೆ ಚೆನ್ನಾಗಿರುತ್ತಿತ್ತು. ಅದನ್ನು ಕೊನೆಗಿಟ್ಟುಕೊಳ್ಳಿ.