ಕುರಿ ದೊಡ್ಡಿಗೆ ಬರುವ ಕಯೋಟಿಗೆ ಯಾವ ತೋಟೆ?

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೆಸ್ನೊ ಹತ್ತಿರ. ಗೆಳೆಯರ ಕುರಿ ಫಾರ್ಮಿಗೆ ಕಯೋಟಿಗಳು (ತೋಳದಂಥ ಕಾಡುನಾಯಿಗಳು) ಬಂದು ಮರಿಗಳನ್ನು ಹೊತ್ತೊಯ್ಯುತ್ತಿವೆ. ನನ್ನ ಬಳಿ .223 ರೆಮಿಂಗ್ಟನ್ ಬೋಲ್ಟ್ ರೈಫಲ್ ಇದೆ, ಬೇಟೆ ಲೈಸೆನ್ಸೂ ಇದೆ. ಪರಿಚಯದವರೊಬ್ಬರು ತಾವೇ ಮನೆಯಲ್ಲಿ ತುಂಬಿದ 55 ಗ್ರೇನ್ (ಗುಂಡಿನ ತೂಕದ ಅಳತೆ) ವಿ-ಮ್ಯಾಕ್ಸ್ ಗುಂಡಿನ ತೋಟೆ ಕೊಡ್ತೀನಿ ಅಂತಿದ್ದಾರೆ. ತಗೊಳ್ಳಲಾ? ನಾನೇ ತುಂಬಿಕೊಳ್ಳುವುದಾದರೆ ಯಾವ ಗುಂಡು ಆರಿಸಲಿ? ಎಚ್-1ಬಿ ವೀಸಾದಲ್ಲಿರುವ ನನ್ನ ತಮ್ಮನೂ ನೆರವಿಗೆ ಬರುತ್ತಾನಂತೆ.

ಉತ್ತರ: ಆ ತೋಟೆಗಳು ಖಂಡಿತ ಬೇಡ.

ವಿ-ಮ್ಯಾಕ್ಸ್ ಒಳ್ಳೆಯ ಗುಂಡೇ. ಆದರೆ ಅದರ ಹೊಟ್ಟೆಯಲ್ಲಿರುವುದು ಸೀಸ. 2019ರ ಜುಲೈ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ಕಯೋಟಿಗೂ ಇದೇ ನಿಯಮ. ಇದು ಸುಮ್ನೆ ಮಾಡಿದ ಕಾನೂನಲ್ಲ. ಸತ್ತ ಪ್ರಾಣಿಯೊಳಗೆ ಉಳಿದ ಸೀಸದ ಚೂರು ತಿಂದು ಕಾಂಡೋರ್ ಹದ್ದುಗಳು ಸಾಯುತ್ತಿದ್ದವು. 1982ರಲ್ಲಿ ಇಡೀ ಲೋಕದಲ್ಲಿ ಉಳಿದಿದ್ದದ್ದು ಬರೀ 22 ಹಕ್ಕಿ. ಈ ನಿಯಮವನ್ನು ನಾನು ಮನಸಾರೆ ಒಪ್ಪುತ್ತೇನೆ.

ಇನ್ನೊಂದು ಮಾತು. ನಾನು ಕೊಡಗಿನವನು, ಕೋವಿ ಇರುವ ಮನೆಯಲ್ಲೇ ಬೆಳೆದವನು. ಬೇರೆಯವರು ತುಂಬಿದ ತೋಟೆ ನಮ್ಮ ಕೋವಿಗೆ ಹಾಕಬಾರದು ಅನ್ನುವುದು ಹಿರಿಯರ ಕಟ್ಟಪ್ಪಣೆ. ಅವರ ರೈಫಲ್‌ಗೆ ಸರಿಹೋದ ಮದ್ದಿನ ಅಳತೆ ನಿಮ್ಮದಕ್ಕೆ ಜಾಸ್ತಿ ಆಗಬಹುದು. ನಿಮ್ಮ ಮುಖ ಇರುವುದು ಬೋಲ್ಟಿನ, ಅಂದರೆ ತೋಟೆಯನ್ನು ಹಿಂದಿನಿಂದ ಮುಚ್ಚುವ ಅಗುಳಿಯ ಪಕ್ಕದಲ್ಲೇ, ಅಲ್ವಾ?

ಈಗ ಗುಂಡಿನ ವಿಚಾರ. ಮೊದಲು ನಿಮ್ಮ ನಳಿಗೆಯ ಮೇಲೆ ಏನು ಬರೆದಿದೆ ನೋಡಿ. 1:9 ಅಂತಿದ್ದರೆ ಒಳಗಿನ ಗೀರು 9 ಇಂಚಿಗೆ ಒಂದು ಸುತ್ತು ತಿರುಗುತ್ತದೆ. ಹಳೆಯ ರೈಫಲ್‌ಗಳಲ್ಲಿ 1:12 ಇರುತ್ತದೆ. ತಾಮ್ರ ಸೀಸಕ್ಕಿಂತ ಹಗುರ. ಹಾಗಾಗಿ ಅಷ್ಟೇ ತೂಕದ ತಾಮ್ರದ ಗುಂಡು ಉದ್ದವಾಗುತ್ತದೆ. ಉದ್ದದ ಗುಂಡು ನೇರ ಹಾರಬೇಕಾದರೆ ಜೋರಾಗಿ ತಿರುಗಲೇಬೇಕು. 1:9 ಇದ್ದರೆ 50 ಗ್ರೇನ್ ತಗೊಳ್ಳಿ. 1:12 ಇದ್ದರೆ 35, 36 ಗ್ರೇನಿನ ಗುಂಡೇ ಸಾಕು.

ಸೀಸ ಇಲ್ಲದವುಗಳಲ್ಲಿ ಎರಡು ಜಾತಿ. ಬಾರ್ನ್ಸ್ ಕಂಪನಿಯ ಟಿಟಿಎಸ್‌ಎಕ್ಸ್ ಪೂರ್ತಿ ತಾಮ್ರ. ಅದು ಒಡೆಯುವುದಿಲ್ಲ, 10-15 ಕಿಲೋ ತೂಗುವ ಕಯೋಟಿಯನ್ನು ದಾಟಿ ಮುಂದೆ ಹೋಗುತ್ತದೆ. ಅದೇ ಕಂಪನಿಯ ವರ್ಮಿಂಟ್ ಗ್ರೆನೇಡ್ ಮತ್ತು ಹಾರ್ನಡಿಯ ಎನ್‌ಟಿಎಕ್ಸ್ ಒಳಗೆ ಹೊಕ್ಕು ಪುಡಿಯಾಗುತ್ತವೆ. ಚರ್ಮ ಉಳಿಸಬೇಕು ಅನ್ನುವವರ ಲೆಕ್ಕ ಬೇರೆ. ನಿಮಗೆ ಬೇಕಾಗಿರುವುದು ಕುರಿಮರಿ ಉಳಿಯುವುದು, ಕಯೋಟಿ ನರಳದೆ ಅಲ್ಲೇ ಬೀಳುವುದು. ಸುತ್ತ ಬಾದಾಮಿ ತೋಟ, ಕೆಲಸದ ಜನ. ನಾನಾದರೆ ಪುಡಿಯಾಗುವ ಗುಂಡನ್ನೇ ಆರಿಸುತ್ತೇನೆ. ಹಾಗಂತ ಹಿಂದೆ ಮಣ್ಣಿನ ದಿಬ್ಬ ಇಲ್ಲದ ಕಡೆ ಗುರಿ ಇಡಬೇಡಿ. ಗುರಿ ತಪ್ಪಿದ ಗುಂಡು ಯಾವ ಜಾತಿಯದಾದರೂ ದೂರ ಹೋಗುತ್ತದೆ.

ಮದ್ದಿನ ಅಳತೆಯನ್ನು ಆ ಗುಂಡಿನ ಕಂಪನಿಯ ಪುಸ್ತಕದಿಂದಲೇ ತಗೊಳ್ಳಿ. ಸೀಸದ 50 ಗ್ರೇನಿನ ಲೆಕ್ಕವನ್ನು ತಾಮ್ರದ 50 ಗ್ರೇನಿಗೆ ಹಚ್ಚಬೇಡಿ, ಒತ್ತಡವೇ ಬೇರೆ. ಕೆಳಗಿನ ಅಳತೆಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಏರಿಸಿ. ಬೋಲ್ಟ್ ಬಿಗಿಯಾಗಿ ಎದ್ದರೆ, ಪ್ರೈಮರ್ (ತೋಟೆಯ ಬುಡದಲ್ಲಿ ಕಿಡಿ ಹೊತ್ತಿಸುವ ಸಣ್ಣ ಬಿಲ್ಲೆ) ಚಪ್ಪಟೆಯಾದರೆ ಅಲ್ಲಿಗೇ ನಿಲ್ಲಿಸಿ, ಕೆಳಗಿಳಿಯಿರಿ. ಹಾಜ್‌ಡನ್ನಿನ ಎಚ್4895 ಮದ್ದು ಚಳಿಗೂ ಬಿಸಿಲಿಗೂ ಹೆಚ್ಚು ಏರುಪೇರಾಗುವುದಿಲ್ಲ. ನಿಮ್ಮ ಕಣಿವೆಯ ಹವೆಗೆ ಅದು ಚೆನ್ನ. ಹಿತ್ತಾಳೆ ಚಿಪ್ಪಿನ ಉದ್ದ 1.760 ಇಂಚು ದಾಟಿದ್ದರೆ ಕತ್ತರಿಸಿಯೇ ತುಂಬಿ.

ವೇಗದ ಹಿಂದೆ ಮಾತ್ರ ಬೀಳಬೇಡಿ. ಗಾಯಗೊಂಡ ಮೊಲದ ಕೂಗು ಹಾಕಿದರೆ ಕಯೋಟಿ ಎಷ್ಟೋ ಸಲ 150 ಗಜದೊಳಗೆ ತಾನೇ ಬರುತ್ತದೆ. 100 ಗಜದಲ್ಲಿ ಐದು ಗುಂಡು ಒಂದು ಇಂಚಿನೊಳಗೆ ಬಿದ್ದರೆ ಆ ತೋಟೆ ನಿಮ್ಮ ಕೆಲಸಕ್ಕೆ ಧಾರಾಳ ಸಾಕು.

ತಮ್ಮನ ವಿಚಾರ ಹಗುರವಾಗಿ ತಗೊಳ್ಳಬೇಡಿ. ಎಚ್-1ಬಿಯಂಥ ವೀಸಾದಲ್ಲಿರುವವರು ಬಂದೂಕು ಮಾತ್ರವಲ್ಲ, ತೋಟೆ ಇಟ್ಟುಕೊಳ್ಳುವುದೂ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಅವರು ಮೊದಲು ಬೇಟೆ ಶಿಕ್ಷಣದ ತರಗತಿ ಮುಗಿಸಿ ಲೈಸೆನ್ಸ್ ಪಡೆಯಲಿ, ವಕೀಲರನ್ನೂ ಒಮ್ಮೆ ಕೇಳಲಿ. ಅಲ್ಲಿಯವರೆಗೆ ಬೈನಾಕ್ಯುಲರ್ ಹಿಡಿದು ಕಾವಲು ಕೂರಲಿ. ತೋಟೆ ತುಂಬುವ ಮೇಜಿನ ಹತ್ತಿರಕ್ಕೆ ಬೇಡ.