ಮುಂಬಯಿ ಮಳೆಗಾಲದಲ್ಲಿ ನಮ್ಮ ಕನ್ನಡ ಸಂಘದ ಸಂಚಿಕೆಯ ಚಿತ್ರಗಳ ಅಂಚಿನಲ್ಲಿ ಕೆಂಪು ನೆರಳು ಕಾಣುವುದೇಕೆ?

ಹೆಚ್ಚಾಗಿ ಕಾಗದ ತೇವ ಹೀರಿ ಹಿಗ್ಗಿರುತ್ತದೆ. ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುವುದಿಲ್ಲ. ಕಾಗದದ ನಾರು ಉದ್ದಕ್ಕಿಂತ ಅಡ್ಡಕ್ಕೇ ಹೆಚ್ಚು ಉಬ್ಬುತ್ತದೆ. ನಾಲ್ಕು ಬಣ್ಣದ ಚಿತ್ರಕ್ಕೆ ಎರಡು ಬಣ್ಣದ ಮಷಿನ್‌ನಲ್ಲಿ ಹಾಳೆ ಎರಡು ಸಲ ಓಡಬೇಕು. ನಡುವೆ ರಾತ್ರಿಯಿಡೀ ತೆರೆದಿಟ್ಟರೆ ಅಳತೆಯೇ ಬದಲಾಗುತ್ತದೆ.

ಹಾಳೆಯ ನಾಲ್ಕೂ ಮೂಲೆಯ ರಿಜಿಸ್ಟರ್ ಗುರುತನ್ನು (ಬಣ್ಣಗಳು ಒಂದರ ಮೇಲೊಂದು ಕೂತಿವೆಯೇ ಎಂದು ನೋಡಲು ಅಚ್ಚಾಗುವ ಕೂಡುಗುರುತು) 10 ಪಟ್ಟು ಭೂತಗನ್ನಡಿಯಲ್ಲಿ ನೋಡಿ. ಎಲ್ಲೆಡೆ ಒಂದೇ ದಿಕ್ಕಿಗೆ ಒಂದೇ ಅಳತೆ ಸರಿದಿದ್ದರೆ ಪ್ಲೇಟ್ (ಅಚ್ಚಿನ ತಗಡು) ಅಥವಾ ಹಾಳೆಯ ಲೇ (ಹಾಳೆ ಬಂದು ತಾಗಿ ನಿಲ್ಲುವ ತಡೆ) ಹೊಂದಿಸಿದರೆ ಸಾಕು. ಗ್ರಿಪ್ಪರ್ ಕಡೆ, ಅಂದರೆ ಮಷಿನ್ ಹಾಳೆಯನ್ನು ಹಿಡಿದೆಳೆಯುವ ಅಂಚಿನಲ್ಲಿ, ಸರಿಯಿದ್ದು ಬಾಲದ ಕಡೆ, ಅಂದರೆ ಹಿಂದಿನ ಅಂಚಿನಲ್ಲಿ, ಅಗಲವಾಗಿದ್ದರೆ ಅದು ಕಾಗದದ್ದೇ ತೊಂದರೆ, ಮಷಿನ್ ಎಷ್ಟು ತಿರುಗಿಸಿದರೂ ಹೋಗದು.

ಕಾಗದವನ್ನು ಹೊದಿಕೆ ಬಿಚ್ಚದೆ ಮುದ್ರಣದ ಕೋಣೆಯಲ್ಲೇ ಒಂದು ದಿನ ಇಡಿ. ಆರ್ದ್ರತೆ ಶೇ. 50–55 ಇರಲಿ. ಮೊದಲ ಸುತ್ತು ಮುಗಿದ ಥಪ್ಪಿಗೆ ತಕ್ಷಣ ಪ್ಲಾಸ್ಟಿಕ್ ಸುತ್ತಿ. ಪ್ಲೇಟಿಗೆ ನೀರು ಆದಷ್ಟು ಕಡಿಮೆ ಬಿಡಿ.